ತುಂಗಭದ್ರೆಯ ತಲೆಕಾಡನ್ನು ಅರಿತ ವೈದ್ಯ ಹ್ಯೂ ಕ್ಲೆಗ್‌ಹಾರ್ನ್

ಮುನಿರಾಬಾದಿನ ಅಣೆಕಟ್ಟೆಯ ಮೇಲೆ ನಿಂತವರಿಗೆ ಮುಂಗಾರಿನ ಮೊದಲ ನೆರೆ ಬಂದುದನ್ನು ತಿಳಿಯಲು ಅಳತೆಗೋಲು ಬೇಕಿಲ್ಲ, ನೀರಿನ ಬಣ್ಣವೇ ಸಾಕು. ಬೇಸಿಗೆಯಲ್ಲಿ ತಳ ಕಂಡಿದ್ದ ಹಿನ್ನೀರು ಒಂದೆರಡು ವಾರಗಳಲ್ಲಿ ಕೆಂಪಾಗಿ ಏರತೊಡಗುತ್ತದೆ. ಆ ಕೆಂಪು ಕೊಪ್ಪಳದ ಕಪ್ಪು ನೆಲದ್ದಲ್ಲ. ನೂರಾರು ಕಿಲೋಮೀಟರ್ ಮೇಲೆ, ತುಂಗೆ ಮತ್ತು ಭದ್ರೆ ಹುಟ್ಟುವ ಗಂಗಾಮೂಲದಿಂದ ಹಿಡಿದು ಅವೆರಡೂ ಸೇರುವ ಕೂಡಲಿಯವರೆಗೆ, ಅಲ್ಲಿಂದ ಕೆಳಗಿನ ಬಯಲಿನ ಹೊಲಗಳವರೆಗೆ ಮಳೆ ಕೊಚ್ಚಿ ತಂದ ಮಣ್ಣು ಅದು. 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಕಾಲಕ್ಕೆ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ 2016ರ ಸಮೀಕ್ಷೆಯ ಹೊತ್ತಿಗೆ 105.788 ಟಿಎಂಸಿ ಅಡಿಗೆ ಇಳಿದಿತ್ತು. ಕಳೆದುಹೋದ ಇಪ್ಪತ್ತೇಳು ಟಿಎಂಸಿ ಅಡಿಯ ಜಾಗದಲ್ಲಿ ಈಗ ಹೂಳು ಕುಳಿತಿದೆ. ಆ ಕೊರತೆಯನ್ನು ತುಂಬಲೆಂದೇ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟಬೇಕೆಂಬ ಮಾತು ಹುಟ್ಟಿದ್ದು.

ನದಿಯ ನೆತ್ತಿಯ ಮೇಲಿನ ಕಾಡಿಗೂ ಬಯಲಿನ ನೀರಿಗೂ ಇರುವ ಈ ನಂಟನ್ನು ತುಂಗಾತೀರದಲ್ಲಿಯೇ ಕುಳಿತು ಆಲೋಚಿಸತೊಡಗಿದ ಮನುಷ್ಯನೊಬ್ಬ ನೂರ ಎಂಬತ್ತು ವರ್ಷಗಳ ಹಿಂದೆ ಇದ್ದರು. ವೃತ್ತಿಯಿಂದ ಅವರು ವೈದ್ಯರು. ಹುಟ್ಟಿನಿಂದ ಸ್ಕಾಟ್ಲೆಂಡಿನ ಮನೆತನದವರು. ಹೆಸರು ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗ್‌ಹಾರ್ನ್. ಭಾರತದ ಅರಣ್ಯ ಇಲಾಖೆಯ ಇತಿಹಾಸ ಬರೆದವರೆಲ್ಲ ಅವರ ಹೆಸರನ್ನು ಮೊದಲ ಪುಟಗಳಲ್ಲಿಯೇ ಬರೆಯುತ್ತಾರೆ. ಮಲೆನಾಡಿನ ಕುಮರಿ ಬೇಸಾಯಗಾರರ ಕಷ್ಟದ ಇತಿಹಾಸದಲ್ಲಿಯೂ ಅದೇ ಹೆಸರು ಬರುತ್ತದೆ. ಎರಡೂ ನಿಜವೇ.

ಕ್ಲೆಗ್‌ಹಾರ್ನ್ ಹುಟ್ಟಿದ್ದು 1820ರ ಆಗಸ್ಟ್ 9ರಂದು, ಮದ್ರಾಸಿನಲ್ಲಿ. ತಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿ. ಅಜ್ಜನ ಹೆಸರೂ ಹ್ಯೂ ಕ್ಲೆಗ್‌ಹಾರ್ನ್ ಎಂದೇ. ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದು, ಸಿಂಹಳವು ಡಚ್ಚರಿಂದ ಬ್ರಿಟಿಷರ ಕೈಸೇರುವ ವ್ಯವಹಾರದಲ್ಲಿ ಮುಖ್ಯ ಪಾತ್ರ ವಹಿಸಿದವರು. ಆ ಕಾಲದ ರೂಢಿಯಂತೆ ಮಗು ಕ್ಲೆಗ್‌ಹಾರ್ನ್ ಎಳವೆಯಲ್ಲಿಯೇ ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗಬೇಕಾಯಿತು. ಸೇಂಟ್ ಆಂಡ್ರ್ಯೂಸ್ ಹತ್ತಿರದ ಸ್ಟ್ರಾವಿಥಿ ಎಂಬ ಜಮೀನಿನಲ್ಲಿ ಅಜ್ಜನ ನೆರಳಿನಲ್ಲಿ ಬೆಳೆದರು. ಗಿಡ ನೆಡುವುದು, ಬೇಲಿ ಹಾಕುವುದು, ಮರ ಎಣಿಸುವುದು ಅಲ್ಲಿ ಪಾಠವಲ್ಲ, ದಿನದ ಕೆಲಸ. ಮುಂದೆ ಎಡಿನ್‌ಬರೋದಲ್ಲಿ ವೈದ್ಯ ವಿದ್ಯೆ. ಔಷಧಗಳೆಲ್ಲ ಗಿಡಮೂಲಿಕೆಗಳಿಂದಲೇ ಬರುತ್ತಿದ್ದ ಕಾಲವಾದುದರಿಂದ ವೈದ್ಯ ವಿದ್ಯಾರ್ಥಿಗೆ ಸಸ್ಯಶಾಸ್ತ್ರ ಕಡ್ಡಾಯ. 1841ರಲ್ಲಿ ಪದವಿ ಪಡೆದು, ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯರಾಗಿ ಹುಟ್ಟಿದೂರು ಮದ್ರಾಸಿಗೆ ಮರಳಿದರು.

ಮೈಸೂರು ಆಗ ಕಮಿಷನರುಗಳ ಆಡಳಿತದಲ್ಲಿತ್ತು. ಮಾರ್ಕ್ ಕಬ್ಬನ್ ಅಧಿಕಾರದಲ್ಲಿದ್ದರು. 1840ರ ದಶಕದ ಮಧ್ಯದಲ್ಲಿ ಕ್ಲೆಗ್‌ಹಾರ್ನ್ ಅವರಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಜ್ವರಕ್ಕೆ ಹೆಸರಾದ ನಗರ ಸೀಮೆಯಲ್ಲಿ ವೈದ್ಯನಿಗೆ ರೋಗಿಗಳ ಬರ ಇರಲಿಲ್ಲ. ಆದರೂ ಅವರು ಬಿಡುವು ಮಾಡಿಕೊಂಡರು. ಇಂಗ್ಲೆಂಡಿನ ಹಿರಿಯ ಸಸ್ಯಶಾಸ್ತ್ರಜ್ಞ ವಿಲಿಯಂ ಹೂಕರ್ ಅವರ ಸಲಹೆಯಂತೆ ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡುವ ವ್ರತ ಹಿಡಿದರು. ಒಬ್ಬ ಮರಾಠಿ ಚಿತ್ರಕಾರನನ್ನು ಸಂಬಳಕ್ಕಿಟ್ಟುಕೊಂಡು, ತಂದ ಗಿಡವನ್ನು ಬಾಡುವ ಮುನ್ನವೇ ಬಣ್ಣದಲ್ಲಿ ಬರೆಸಿದರು. ಹೂವು, ಕಾಯಿ, ಬೀಜ, ಎಲೆಯ ನರ ಎಲ್ಲವೂ ಬೇಕು. ಯಾವ ಊರಿನ ಹತ್ತಿರ, ಯಾವ ತಿಂಗಳಲ್ಲಿ ಸಿಕ್ಕಿತೆಂಬುದೂ ಬೇಕು. ಚಿತ್ರಕಾರನ ಹೆಸರು ಮಾತ್ರ ಚರಿತ್ರೆಗೆ ದಕ್ಕಲಿಲ್ಲ. ಮುಂದೆ ಮದ್ರಾಸಿನಲ್ಲಿ ಅವರಿಗಾಗಿ ಚಿತ್ರ ಬರೆದ ಗೋವಿಂದು ಎಂಬ ಕಲಾವಿದನ ಹೆಸರು ಉಳಿದಿದೆ.

ಒಂದು ಪ್ರದೇಶದ ಗಿಡಗಳನ್ನು ಹೀಗೆ ದಿನವೂ ನೋಡುವವನ ಕಣ್ಣಿಗೆ ಯಾವುದು ಇದೆ ಎಂಬುದರ ಜೊತೆಗೆ ಯಾವುದು ಇಲ್ಲವಾಗುತ್ತಿದೆ ಎಂಬುದೂ ಬೀಳುತ್ತದೆ. ಘಟ್ಟದ ಇಳಿಜಾರುಗಳಲ್ಲಿ ತೇಗದ ದೊಡ್ಡ ಮರಗಳು ವಿರಳವಾಗುತ್ತಿದ್ದವು. ಹಡಗು ಕಟ್ಟುವವರು, ಸೇನೆಯವರು, ಗುತ್ತಿಗೆದಾರರು ಎಲ್ಲರಿಗೂ ತೇಗವೇ ಬೇಕು. ಇನ್ನೊಂದೆಡೆ ಕುಮರಿ: ಗುಡ್ಡದ ಒಂದು ಪಟ್ಟಿಯ ಕಾಡನ್ನು ಕಡಿದು, ಒಣಗಿಸಿ, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ಬೆಳೆ ತೆಗೆದು ಮುಂದಿನ ಪಟ್ಟಿಗೆ ಹೋಗುವ ಹಳೆಯ ಬೇಸಾಯ. ವರ್ಷಗಳ ಮೇಲೆ ಅದೇ ಜಾಗಕ್ಕೆ ಮರಳಿ ಬರುವಷ್ಟರಲ್ಲಿ ಕಾಡು ಮತ್ತೆ ಬೆಳೆದಿರಬೇಕೆಂಬುದು ಅದರ ಲೆಕ್ಕಾಚಾರ. ಮರಳುವ ಅವಧಿ ಕುಗ್ಗಿದರೆ ಲೆಕ್ಕ ತಪ್ಪುತ್ತದೆ. ಮರದ ಬದಲು ಮುಳ್ಳು, ಬಿದಿರು, ಹುಲ್ಲು ಬರುತ್ತದೆ. ಕ್ಲೆಗ್‌ಹಾರ್ನ್ ಕಂಡದ್ದು ಲೆಕ್ಕ ತಪ್ಪಿದ ಇಳಿಜಾರುಗಳನ್ನು. ಕುಮರಿಯ ವಿರುದ್ಧ ಅವರ ಮನಸ್ಸು ಗಟ್ಟಿಯಾದದ್ದು ಶಿವಮೊಗ್ಗದ ಆ ದಿನಗಳಲ್ಲಿಯೇ.

ಅದೇ ಕಾಡಿನ ಜ್ವರ ಅವರನ್ನೂ ಬಿಡಲಿಲ್ಲ. 1848ರಲ್ಲಿ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಹೋದರು. ಹೀಗೆ ಕಾಯಿಲೆಯ ರಜೆಯಲ್ಲಿದ್ದಾಗಲೇ ಅವರ ಜೀವನದ ದೊಡ್ಡ ಕೆಲಸವೊಂದು ನಡೆಯಿತೆಂಬುದು ಸೋಜಿಗ. 1850ರಲ್ಲಿ ಎಡಿನ್‌ಬರೋದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನ ಸಂಘದ ಸಭೆಯು ಉಷ್ಣವಲಯದ ಕಾಡುಗಳ ನಾಶದಿಂದ ಆಗುವ ಆರ್ಥಿಕ ಮತ್ತು ಭೌತಿಕ ಪರಿಣಾಮಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿತು. ಫೋರ್ಬ್ಸ್ ರಾಯ್ಲ್, ಬೇರ್ಡ್ ಸ್ಮಿತ್, ಸ್ಟ್ರೇಚಿ ಎಂಬ ಅನುಭವಿಗಳೊಂದಿಗೆ ಮೂವತ್ತರ ಕ್ಲೆಗ್‌ಹಾರ್ನ್ ಕುಳಿತರು. ಇವರಲ್ಲಿ ಬೇರ್ಡ್ ಸ್ಮಿತ್ ನೀರಾವರಿ ಎಂಜಿನಿಯರ್ ಎಂಬುದನ್ನು ಗಮನಿಸಬೇಕು. ಕಾಡಿನ ಪ್ರಶ್ನೆ ನೀರಿನ ಪ್ರಶ್ನೆಯೂ ಹೌದೆಂದು ಆಗಲೇ ತಿಳಿದಿತ್ತು. 1851ರಲ್ಲಿ ವರದಿ ಬಂತು.

ಮರ ಕಡಿದರೆ ಮಳೆ ಕಡಿಮೆಯಾಗುತ್ತದೆಯೇ ಎಂಬುದು ಆ ಕಾಲದ ಬಿಸಿ ಚರ್ಚೆ. ಮದ್ರಾಸಿನಲ್ಲಿ ಎಡ್ವರ್ಡ್ ಬಾಲ್ಫೋರ್ ಎಂಬ ಇನ್ನೊಬ್ಬ ವೈದ್ಯರು ಮರ ಮತ್ತು ಮಳೆಯ ನಂಟಿನ ಬಗ್ಗೆ 1849ರಲ್ಲಿಯೇ ಬರೆದಿದ್ದರು. ಬೊಂಬಾಯಿ ಪ್ರಾಂತದ ಅರಣ್ಯಾಧಿಕಾರಿ ಅಲೆಗ್ಸಾಂಡರ್ ಗಿಬ್ಸನ್, ಅವರೂ ವೈದ್ಯರೇ, ಕೊಂಕಣದ ಗುಡ್ಡಗಳನ್ನು ಬೋಳು ಮಾಡಿದ್ದರಿಂದ ಹೊಳೆಬಾಯಿಗಳಲ್ಲಿ ಹೂಳು ತುಂಬುತ್ತಿದೆಯೆಂದು ಎಚ್ಚರಿಸಿದ್ದರು. ಅಂದಿನ ಸರ್ಕಾರಕ್ಕೆ ನಾಡಿನ ಗಿಡಗಳನ್ನು ಬಲ್ಲ ನೌಕರರೆಂದರೆ ವೈದ್ಯರು ಮಾತ್ರ ಇದ್ದುದರಿಂದ ಕಾಡಿನ ಕಾಳಜಿ ಅವರ ಪಾಲಿಗೆ ಬಂತು. ಸಮಿತಿ ಮಳೆಯ ವಿಷಯದಲ್ಲಿ ಹುಷಾರಾಗಿಯೇ ಹೆಜ್ಜೆಯಿಟ್ಟಿತು; ನೆಲದಲ್ಲಿ ತೇವ ಉಳಿಯುವುದಕ್ಕೂ ಒರತೆಗಳು ಬತ್ತದಿರುವುದಕ್ಕೂ ಕಾಡು ಬೇಕೆಂಬುದನ್ನು ಹೆಚ್ಚು ನೆಚ್ಚಿತು. ಇಂದಿನ ವಿಜ್ಞಾನ ನಿಂತಿರುವುದೂ ಬಹುಮಟ್ಟಿಗೆ ಅಲ್ಲಿಯೇ. ಒಂದು ಗುಡ್ಡದ ಮರ ಕಡಿದ ಮಾತ್ರಕ್ಕೆ ಆ ಊರಿನ ಮಳೆ ನಿಲ್ಲುವುದಿಲ್ಲ. ಮರಗಳೂ ನೀರು ಕುಡಿಯುತ್ತವೆ, ಎಲೆಯ ಮೂಲಕ ಗಾಳಿಗೆ ಬಿಡುತ್ತವೆ. ಆದರೆ ಕಾಡಿನ ಸಡಿಲ ಮಣ್ಣು, ಎಲೆಯ ಹೊದಿಕೆ, ಬೇರಿನ ಬಲೆ ಮಳೆನೀರನ್ನು ಒಳಗಿಳಿಸಿ ತಿಂಗಳುಗಟ್ಟಲೆ ನಿಧಾನವಾಗಿ ಹೊಳೆಗೆ ಬಿಡುತ್ತವೆ. ಬೋಳುಗುಡ್ಡ ಅದೇ ನೀರನ್ನು ಒಂದೇ ದಿನದಲ್ಲಿ, ಮಣ್ಣಿನ ಸಮೇತ ಕೆಳಗೆ ಕಳುಹಿಸುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಕೊಪ್ಪಳದ ಕಾಲುವೆ ರೈತನಿಗೆ ಈ ವ್ಯತ್ಯಾಸ ಪುಸ್ತಕದ ವಿಷಯವಲ್ಲ.

ಅದೇ ರಜೆಯ ಅವಧಿಯಲ್ಲಿ ಕ್ಲೆಗ್‌ಹಾರ್ನ್ ಭಾರತದ ಬೇಲಿ ಗಿಡಗಳ ಬಗ್ಗೆ ಪ್ರಬಂಧವೊಂದನ್ನು ಮಂಡಿಸಿದ್ದರು. ಕೆಲ ವರ್ಷಗಳ ಬಳಿಕ ಮದ್ರಾಸಿನ ಕಡಲತೀರದಲ್ಲಿ ಮರಳನ್ನು ಹಿಡಿದು ನಿಲ್ಲಿಸುವ ಬಳ್ಳಿ ಮತ್ತು ಹುಲ್ಲುಗಳ ಮೇಲೆ ಬರೆದರು. ದೊಡ್ಡ ವರದಿಗಳ ನಡುವೆ ಈ ಸಣ್ಣ ಬರಹಗಳನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಆದರೆ ಅವರ ಬುದ್ಧಿ ಕೆಲಸ ಮಾಡುತ್ತಿದ್ದ ಬಗೆ ಇವುಗಳಲ್ಲಿಯೇ ಸ್ಪಷ್ಟ. ಗಿಡದ ಹೆಸರು, ಕುಲ ಗೊತ್ತಾದ ಮೇಲೆ ಅವರ ಮುಂದಿನ ಪ್ರಶ್ನೆ, ಈ ಗಿಡ ಈ ನೆಲದಲ್ಲಿ ಏನು ಕೆಲಸ ಮಾಡುತ್ತಿದೆ ಎಂಬುದು. ಆಡುಗೊರಸಿನ ಎಲೆಯ ಬಳ್ಳಿ ಮರಳಿನ ಮೇಲೆ ಹಬ್ಬಿ ಗಾಳಿಗೆ ದಿಬ್ಬ ಹಾರದಂತೆ ಹಿಡಿಯುತ್ತದೆ. ಮುಳ್ಳುಹುಲ್ಲಿನ ಬೇರು ಗಂಟುಗಂಟಿಗೂ ಇಳಿದು ದಡವನ್ನು ಹೊಲಿಯುತ್ತದೆ. ಸಸ್ಯ ಪರಿಸರಶಾಸ್ತ್ರವೆಂಬ ಹೆಸರು ಹುಟ್ಟುವ ಮುನ್ನ ಅದರ ಕೆಲಸ ಹೀಗೆ ನಡೆದಿತ್ತು.

1852ರಲ್ಲಿ ಮದ್ರಾಸಿಗೆ ಹಿಂದಿರುಗಿ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಕೃಷಿ ಮತ್ತು ತೋಟಗಾರಿಕೆ ಸಂಘದ ತೋಟದ ಗಿಡಗಳ ಪಟ್ಟಿಯನ್ನು 1853ರಲ್ಲಿ ಪ್ರಕಟಿಸಿದರು. 1856ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾದಾಗ ಅದಕ್ಕೆ ಸಲಹೆ ಕೊಟ್ಟವರಲ್ಲಿ ಅವರೂ ಒಬ್ಬರು. ಅದೇ ವರ್ಷ ಗವರ್ನರ್ ಲಾರ್ಡ್ ಹ್ಯಾರಿಸ್ ಅವರನ್ನು ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯನ್ನಾಗಿ ನೇಮಿಸಿದರು. ಇಲಾಖೆಯೇ ಇಲ್ಲದ ಕಡೆ ಇಲಾಖೆ ಕಟ್ಟುವ ಕೆಲಸ. ಕುದುರೆ, ಎತ್ತಿನ ಗಾಡಿ, ದೋಣಿ, ಕಾಲ್ನಡಿಗೆ; ನೀಲಾಂಬೂರಿನ ತೇಗದ ತೋಪಿನಿಂದ ಉತ್ತರ ಕನ್ನಡದ ದಾಂಡೇಲಿಯವರೆಗೆ ಸುತ್ತಾಟ. 1858ರಲ್ಲಿ, ಅಂದರೆ ಮುಂಡರಗಿ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಕಂಪನಿ ಸೇನೆಯೊಡನೆ ಕಾದು ಮಡಿದ ವರ್ಷ, ಅದೇ ಕಂಪನಿಯ ಈ ನೌಕರರು ಆನೆಮಲೆಯ ಶಿಖರಗಳಲ್ಲಿ ಗಿಡ ಆಯುತ್ತಿದ್ದರು. ಜೊತೆಗಿದ್ದ ತರುಣ ಸಹಾಯಕನ ಹೆಸರು ರಿಚರ್ಡ್ ಬೆಡ್ಡೋಮ್. ಈ ಹೆಸರು ಮುಂದೆ ಕೊಪ್ಪಳದ ಕೆರೆಗಳವರೆಗೂ ಬರಲಿದೆ.

ಕಾಡಿಗೆ ಆಗ ಹೊಸದೊಂದು ಬಾಯಿ ಹುಟ್ಟಿತ್ತು. ರೈಲು ಹಳಿಯ ಒಂದು ಮೈಲಿಗೆ 1,760ರಿಂದ 2,000ದಷ್ಟು ಮರದ ದಿಮ್ಮಿಗಳು ಬೇಕು. ಅವು ಕೆಲವೇ ವರ್ಷಗಳಲ್ಲಿ ಕೊಳೆಯುತ್ತವೆ, ಗೆದ್ದಲು ತಿನ್ನುತ್ತದೆ, ಮತ್ತೆ ಬೇಕು. ಎಂಜಿನ್ನಿನ ಒಲೆಗೂ ಸೌದೆಯೇ. ಸಂರಕ್ಷಣಾಧಿಕಾರಿ ಎಂಬ ಪದವಿಯ ಒಳವಿರೋಧ ಇದೇ: ಕಾಡನ್ನು ಕಾಯಬೇಕು, ಕಾದದ್ದನ್ನು ರೈಲ್ವೆಗೆ ಒದಗಿಸಲೂ ಬೇಕು. ಕ್ಲೆಗ್‌ಹಾರ್ನ್ ತಮ್ಮ ವರದಿಗಳಲ್ಲಿ ದಿಮ್ಮಿಗಳ ಲೆಕ್ಕವನ್ನೂ ಒರತೆಗಳ ಚಿಂತೆಯನ್ನೂ ಒಟ್ಟೊಟ್ಟಿಗೇ ಬರೆದರು. ನೀಲಗಿರಿಯಲ್ಲಿ ಹೊಳೆಯ ಹುಟ್ಟಿನ ಮೇಲಿರುವ ಶೋಲಾ ಕಾಡುಗಳನ್ನು ಮುಟ್ಟಬಾರದೆಂದರು. ಅಲ್ಲಿನ ದಂಡಿನ ಸೌದೆಗಾಗಿ ಆಸ್ಟ್ರೇಲಿಯದ ನೀಲಗಿರಿ ಮರ, ವ್ಯಾಟಲ್‌ಗಳನ್ನು ನೆಡುವುದಕ್ಕೆ ಉತ್ತೇಜನ ಕೊಟ್ಟರು. ಒಂದನ್ನು ಉಳಿಸಲು ಇನ್ನೊಂದನ್ನು ತಂದ ಆ ಉಪಾಯ ಮುಂದಿನ ಶತಮಾನದಲ್ಲಿ ತಿರುಗಿಬಿತ್ತು. ವ್ಯಾಟಲ್ ನೀಲಗಿರಿಯ ಹುಲ್ಲುಗಾವಲು, ಜೌಗುಗಳನ್ನು ನುಂಗಿತು. ನೀಲಗಿರಿ ಮರ ಕರ್ನಾಟಕದ ಬಯಲುಸೀಮೆಗೆ ಹಬ್ಬಿ, ಅಂತರ್ಜಲ ಹೀರುತ್ತದೆಂಬ ದೂರಿನ ನಂತರ 2017ರಲ್ಲಿ ರಾಜ್ಯ ಸರ್ಕಾರ ಅದರ ಹೊಸ ನೆಡುತೋಪುಗಳನ್ನು ನಿಷೇಧಿಸಬೇಕಾಯಿತು.

ಕುಮರಿಯ ವಿಷಯದಲ್ಲಿ ಅವರ ಮಾತು ನಡೆಯಿತು. 1860ರಲ್ಲಿ ಮದ್ರಾಸ್ ಸರ್ಕಾರ, ತನ್ನ ಅಪ್ಪಣೆಯಿಲ್ಲದೆ ಸರ್ಕಾರಿ ಕಾಡುಗಳಲ್ಲಿ ಕುಮರಿ ಕೂಡದೆಂದು ಆಜ್ಞೆ ಹೊರಡಿಸಿತು. ಕನ್ನಡ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಘಟ್ಟದ ಕುಣಬಿ, ಮರಾಠಿ ಕುಟುಂಬಗಳಿಗೆ ತಲೆತಲಾಂತರದ ಜೀವನೋಪಾಯ ಒಮ್ಮೆಗೇ ಅಪರಾಧವಾಯಿತು. ಅದೇ ಸಮಯದಲ್ಲಿ ಯುರೋಪಿಯನ್ ಕಾಫಿ ತೋಟಗಾರರು ಕೊಡಗು, ವಯನಾಡು, ಮೈಸೂರಿನ ಘಟ್ಟಗಳಲ್ಲಿ ಸಾವಿರಾರು ಎಕರೆ ಕಾಡನ್ನು ಬೇರುಸಹಿತ ತೆಗೆಯುತ್ತಿದ್ದರು; ಅವರಿಗೆ ಜಮೀನಿನ ಹಕ್ಕುಪತ್ರ ಸಿಕ್ಕಿತು. ಮಣ್ಣಿನ ಸವಕಳಿಗೆ ಕೊಡಲಿ ಯಾರದೆಂಬ ಭೇದವಿಲ್ಲ, ಆದರೆ ಕಾನೂನಿಗೆ ಇತ್ತು. ತೋಟಗಾರರ ಧಾರಾಳತನವೂ ಕ್ಲೆಗ್‌ಹಾರ್ನ್ ಅವರ ಕಣ್ಣಿಗೆ ಬೀಳದೆ ಇರಲಿಲ್ಲ. ಆದರೆ ಅವರ ಲೇಖನಿಯ ಬಿರುಸು ಹೆಚ್ಚಾಗಿ ಬಡವರ ರಾಗಿ ಪಟ್ಟಿಯ ಮೇಲೆಯೇ ಹರಿಯಿತು. ಪರಿಸರದ ಇತಿಹಾಸಕಾರರು ಈ ಬಗ್ಗೆ ಎರಡು ಪಂಗಡವಾಗಿದ್ದಾರೆ. ರಿಚರ್ಡ್ ಗ್ರೋವ್ ಅವರಂಥವರು ಈ ವೈದ್ಯರ ಕಾಳಜಿ ಪ್ರಾಮಾಣಿಕವಾದದ್ದೆಂದು ತೋರಿಸಿದರು. ಉಳಿದವರು, ಕಾಳಜಿ ಪ್ರಾಮಾಣಿಕವಾಗಿದ್ದರೂ ಅದರ ಫಲವಾಗಿ ಹಳ್ಳಿಗರ ಕಾಡು ಸರ್ಕಾರದ ಮರಮುಟ್ಟಿನ ಗೋದಾಮಾಯಿತೆಂದು ನೆನಪಿಸುತ್ತಾರೆ. ಕುಮರಿಯ ಇಳಿಜಾರಿಗಿಂತ ಹೆಚ್ಚು ಮಣ್ಣನ್ನು ಭದ್ರೆಗೆ ಇಳಿಸಿದ ಕುದುರೆಮುಖದ ಅದಿರು ಗಣಿ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಸರ್ಕಾರದ ಪರವಾನಗಿಯಿಂದಲೇ ನಡೆದಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ ಅದು ನಿಂತದ್ದು 2005ರ ಕೊನೆಯಲ್ಲಿ.

1861ರಲ್ಲಿ ದಕ್ಷಿಣ ಭಾರತದ ಕಾಡುಗಳು ಮತ್ತು ತೋಟಗಳನ್ನು ಕುರಿತ ಅವರ ಗ್ರಂಥ ಲಂಡನ್ನಿನಲ್ಲಿ ಅಚ್ಚಾಯಿತು. ಅದೇ ವರ್ಷ ಮದುವೆ. ಬಳಿಕ ಪಂಜಾಬಿನ ಕರೆ: ಸಿಂಧೂ ನದಿಯ ಉಪನದಿಗಳ ಮೇಲ್ಭಾಗದ ದೇವದಾರು ಕಾಡುಗಳ ಪರಿಶೀಲನೆ. 1864ರಲ್ಲಿ ಆ ವರದಿಯೂ ಹೊರಬಂತು. ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಅವರು ರಜೆಯ ಮೇಲೆ ಹೋದಾಗ ಆ ಸ್ಥಾನದಲ್ಲಿ ಕುಳಿತದ್ದು ಕ್ಲೆಗ್‌ಹಾರ್ನ್. 1860ರ ದಶಕ ಮುಗಿಯುವ ಮುನ್ನ ಭಾರತ ಬಿಟ್ಟು ಸ್ಟ್ರಾವಿಥಿಗೆ ಮರಳಿದರು. ಎಡಿನ್‌ಬರೋದ ಸಸ್ಯಶಾಸ್ತ್ರ ಸಂಘ, ಸ್ಕಾಟ್ಲೆಂಡಿನ ವೃಕ್ಷ ಕೃಷಿ ಸಂಘಗಳ ಅಧ್ಯಕ್ಷತೆ, ಅರಣ್ಯಶಾಸ್ತ್ರದ ಬೋಧನೆ ಎಡಿನ್‌ಬರೋದಲ್ಲಿ ಆರಂಭವಾಗಲೆಂಬ ಪ್ರಯತ್ನ, ಜಮೀನಿನ ಮರಗಿಡಗಳ ಆರೈಕೆ. ಹೀಗೆ ನಿವೃತ್ತಿಯ ದಿನಗಳು ಕಳೆದವು. 1895ರ ಮೇ 16ರಂದು ನಿಧನರಾದರು.

ಬೆಡ್ಡೋಮ್ ಅವರ ವಿಷಯಕ್ಕೆ ಬರಬೇಕು. ಗುರುವಿನ ಜಾಗಕ್ಕೆ ಬಂದು ಮದ್ರಾಸ್ ಪ್ರಾಂತದ ಕಾಡುಗಳ ಮುಖ್ಯಸ್ಥರಾದ ಅವರು, ಒಣ ಜಿಲ್ಲೆಗಳಲ್ಲಿ ಸೌದೆಯ ಬರ ನೀಗಲು ಬೇಗ ಬೆಳೆಯುವ ಮುಳ್ಳುಮರವೊಂದರ ಬೀಜ ತರಿಸುವಂತೆ 1876ರಲ್ಲಿ ಸರ್ಕಾರವನ್ನು ಕೋರಿದರು. ಮರುವರ್ಷವೇ ಅದು ಕಡಪ ಜಿಲ್ಲೆಯ ನೆಲ ಸೇರಿತು. ದಕ್ಷಿಣ ಅಮೆರಿಕ ಮೂಲದ ಆ ಮರವನ್ನೇ ನಮ್ಮ ಜನ ಬಳ್ಳಾರಿ ಜಾಲಿ ಎನ್ನುತ್ತಾರೆ. ಯಲಬುರ್ಗಾ, ಕುಷ್ಟಗಿ ಕಡೆಯ ಕೆರೆಯಂಗಳ, ಹಳ್ಳದ ದಂಡೆ, ಗೋಮಾಳಗಳಲ್ಲಿ ಇಂದು ಅದರದೇ ರಾಜ್ಯ. ಬಡವರ ಒಲೆಗೆ ಸೌದೆ, ಇದ್ದಿಲು ಸುಡುವವರಿಗೆ ಕೂಲಿ ಕೊಟ್ಟದ್ದು ನಿಜ. ಕೆರೆಯ ಹೂಳೆತ್ತಲು ಹೊರಟವರು ಮೊದಲು ಅದರ ಬೇರು ಕೀಳಬೇಕಾದದ್ದೂ ನಿಜ. ಎಷ್ಟು ಕಡಿದರೂ ಬುಡದಿಂದ ಚಿಗುರುತ್ತದೆ, ಕಾಯಿ ತಿಂದ ಕುರಿ ಮೇಕೆಗಳು ಬೀಜವನ್ನು ಊರೂರಿಗೆ ಹೊರುತ್ತವೆ.

ಅದರ ಪಕ್ಕದಲ್ಲಿಯೇ ನಾಡಿನ ಕರಿಜಾಲಿಯ ಕಥೆ ಬೇರೆ. ತುಂಗಭದ್ರೆಯ ಹಿನ್ನೀರಿನಾಚೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯಲ್ಲಿ ನೀರೊಳಗೆ ನಿಂತ ಕರಿಜಾಲಿ ಮರಗಳ ಮೇಲೆ ನೀರುಹಕ್ಕಿಗಳು ಗೂಡು ಕಟ್ಟುತ್ತವೆ. ಕೆರೆಗೆ ನದಿಯ ನೀರು ಹರಿಸಿದ ಮೇಲೆ ಹಕ್ಕಿಗಳು ನೆಲೆಯೂರಿ, 2024ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಬಂಡೆಗಳ ನಡುವಿನ ಜೊಂಡು, ಆಪು, ದಡದ ಪೊದೆಗಳೇ ಅಲ್ಲಿನ ನೀರುನಾಯಿಗಳ ಮನೆ. ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಮಾತ್ರ ಜೊಂಡು ಬೆಳೆದರೆ ರೈತನ ಎದೆ ನಡುಗುತ್ತದೆ, ಬಸಿಯದ ನೀರಿನ, ಮೇಲೇರುತ್ತಿರುವ ಉಪ್ಪಿನ ಗುರುತು ಅದು. ಹಗುರ ನೀರಾವರಿಯ ಬೆಳೆಗಳಿಗೆಂದು ರೂಪಿಸಿದ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹರಡಿದಂತೆ ಜವಳು ನೆಲವೂ ಹರಡಿತು. ಉಪ್ಪು ತಾಳುವ ಬೆಳೆ, ನೆಲದಡಿಯ ಬಸಿಗಾಲುವೆಗಳ ಸಂಶೋಧನೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆದಿರುವುದು ಇದೇ ಕಾರಣಕ್ಕೆ. ಒಂದೇ ಗಿಡ ಒಂದೆಡೆ ಆಸರೆ, ಇನ್ನೊಂದೆಡೆ ರೋಗದ ಲಕ್ಷಣ. ಗಿಡ ಈ ನೆಲದಲ್ಲಿ ಏನು ಮಾಡುತ್ತಿದೆ ಎಂದು ಕೇಳಿದ ವೈದ್ಯರಿಗೆ ಈ ಗದ್ದೆಗಳು ಒಳ್ಳೆಯ ಪಾಠಶಾಲೆಯಾಗುತ್ತಿದ್ದವು.

ಕ್ಲೆಗ್‌ಹಾರ್ನ್ ಹೆಸರನ್ನು ಹೊತ್ತ ಸಸ್ಯಕುಲವೊಂದಿದೆ. ಕಣಗಿಲೆಯ ಕುಟುಂಬಕ್ಕೆ ಸೇರಿದ ಆ ಬಳ್ಳಿಗಳಿಗೆ ರಾಬರ್ಟ್ ವೈಟ್ ಅವರು ಕ್ಲೆಗ್‌ಹಾರ್ನಿಯ ಎಂದು ಹೆಸರಿಟ್ಟರು. ಅವರು ಕೂಡಿಟ್ಟ ಸಾವಿರಾರು ಸಸ್ಯಚಿತ್ರಗಳು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿವೆ. ಸಸ್ಯವಿಜ್ಞಾನಿ ಹೆನ್ರಿ ನೋಲ್ಟಿ ಅವುಗಳನ್ನು ಒಂದೊಂದಾಗಿ ತೆರೆದು, ಗುರುತಿಸಿ, 2016ರಲ್ಲಿ ಕ್ಲೆಗ್‌ಹಾರ್ನ್ ಅವರ ಜೀವನ ಚರಿತ್ರೆಯನ್ನೂ ಬರೆದು ಪ್ರಕಟಿಸಿದರು. ಆ ಕಟ್ಟುಗಳಲ್ಲಿ ಶಿವಮೊಗ್ಗದ ಹಾಳೆಗಳೂ ಇವೆ. ತುಂಗೆಯ ದಂಡೆಯಲ್ಲಿ 1840ರ ದಶಕದಲ್ಲಿ ಯಾವ ಗಿಡಗಳಿದ್ದವೆಂದು ತಿಳಿಯಬಯಸುವವರಿಗೆ, ಹೆಸರಿಲ್ಲದ ಆ ಮರಾಠಿ ಚಿತ್ರಕಾರ ಬರೆದ ಎಲೆ, ಹೂವು, ಕಾಯಿಗಳು ಅಲ್ಲಿ ಕಾಣಸಿಗುತ್ತವೆ.